ಸಾಕ್ರಿ ಅಕ್ಕೋರ

ಹಿರೇಕೆರೂರು
9 ಆಗಸ್ಟ್ 2024

ಮುನವ್ವರಾ,

ಫೋನ್ ಹಚ್ಚಿದರೆ ನಿನ್ನ ಮಗ ಹಜರತಅಲಿ ಎತ್ತುತ್ತಾನೆ. "ಅಮ್ಮ ಮನ್ಯಾಗ ಅದಾರ್ರಿ, ನಾ ಅಂಗಡ್ಯಾಗ ಅದೀನ್ರಿ" ಅನ್ನುತ್ತಾನೆ. ಮೂರು ಸಲ ಹೀಗಾದ ಮೇಲೆ ಅವನಿಗೂ ಬೇಸರವಾಗಿರಬೇಕು, ನನಗೂ ನಾಚಿಕೆಯಾಯಿತು. ಅದಕ್ಕೇ ಇವತ್ತು ಅಂಚೆ ಕಚೇರಿಗೆ ಹೋಗಿ ಇನ್‌ಲ್ಯಾಂಡ್ ಪತ್ರ ಕೇಳಿದೆ. ಕೌಂಟರಿನ ಹುಡುಗಿ ಒಳಗೆ ಹೋಗಿ ಹುಡುಕಿ, ಧೂಳು ಒರೆಸಿ ಕೊಟ್ಟಳು. ನಾಲ್ಕು ತೆಗೆದುಕೊಂಡೆ. ನೀನು ಉತ್ತರ ಬರೆಯುತ್ತೀ ಎಂದು ನನಗೆಷ್ಟು ಭರವಸೆ ನೋಡು.

ನಿನ್ನದೇನು ಸಮಾಚಾರ? ಹತ್ತು ದಿನದಿಂದ ಫೋನಿನಲ್ಲಿ ಪಗಡಿಮನಿ ಆಟ ತೆರೆದರೆ ನಿನ್ನ ಹೆಸರಿನ ಮುಂದೆ ಬೀಗದ ಚಿತ್ರ. ಒತ್ತಿದರೆ 'ಈ ಆಟಗಾರರು ಇನ್ನು ಲಭ್ಯವಿಲ್ಲ' ಎಂದು ಬರುತ್ತದೆ. ಇಪ್ಪತ್ತೆರಡು ವರ್ಷ ಒಂದೇ ಶಾಲೆಯಲ್ಲಿ ಅಕ್ಕಪಕ್ಕದ ಕುರ್ಚಿಯಲ್ಲಿ ಕುಳಿತು ಸಾಕಾಗದೆ, ನೀನು ಹುಲಗೂರಿಗೆ ಹೋದ ಮೇಲೂ ದಿನಾ ಸಂಜೆ ಐದೂವರೆಗೆ ಫೋನಿನೊಳಗೆ ಜೋಡಿಯಾದವರು ನಾವು. ನೀನು ಅಲ್ಲಿ ಕವಡೆ ಹಾಕುವುದು, ನಾನು ಇಲ್ಲಿಂದ ಬಯ್ಯುವುದು. ಈಗ ನಿನ್ನ ಜಾಗಕ್ಕೆ ಆಟದವರೇ ಯಾರನ್ನೋ ಜೋಡಿ ಕೊಡುತ್ತಾರೆ. ನಿನ್ನೆ ಸಿಕ್ಕವನು ಒಂದು ಮಾತೂ ಆಡಲಿಲ್ಲ. ನಾಲ್ಕು ಕಾಯಿಯನ್ನೂ ಹಣ್ಣು ಮಾಡಿ ಗೆದ್ದ. ಅಂಥ ಗೆಲುವು ತೆಗೆದುಕೊಂಡು ಏನು ಮಾಡಲಿ.

ಏನಾಯಿತು, ಬರೆ. ನಿನ್ನ ಯಜಮಾನರು ಖಾದರಸಾಬರು ಹೇಗಿದ್ದಾರೆ? ಲಕ್ವಾ ಹೊಡೆದ ಮೇಲೆ ಕೋಲು ಹಿಡಿದು ನಡೆಯುತ್ತಾರೆ ಎಂದು ನೀನೇ ಹೇಳಿದ್ದೆ. ಈಗ ಕೋಲು ಬಿಟ್ಟಿರಬೇಕು.

ನಿನ್ನ ಬಲಗಡೆ ಕುರ್ಚಿಯವಳು,
ವೀರವ್ವ


ಹುಲಗೂರು
17 ಆಗಸ್ಟ್ 2024

ವೀರವ್ವಾ,

ನಿನ್ನ ಅಕ್ಷರ ಇನ್ನೂ ಹಾಗೇ ಇದೆ, ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಬರೆದ ಹಾಗೆ ಒತ್ತಿ ಒತ್ತಿ. ಓದಿ ಖುಷಿಯಾಯಿತು.

ನನ್ನನ್ನು ಆಟದಿಂದ ಹೊರಗೆ ಹಾಕಿದ್ದಾರೆ. ಕಂಪನಿಯವರ ಸಂದೇಶ ಬಂತು. 'ಸಹ ಆಟಗಾರರಿಂದ ನಿಮ್ಮ ವಿರುದ್ಧ ಮೂರು ದೂರು ಬಂದಿವೆ. ನೀವು ಬೇಕೆಂದೇ ಆಟವನ್ನು ನಡುವೆ ಬಿಟ್ಟು ಹೋಗಿದ್ದೀರಿ. ನಿಮ್ಮ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ.' ಬಿಟ್ಟು ಹೋದದ್ದು ನಿಜ. ಬೇಕೆಂದೇ ಹೋದೆ ಎಂದು ಅವರಿಗೆ ಯಾರು ಹೇಳಿದರು? ಮೊದಲ ಸಲ ಒಂದು ದಿನ ಹೊರಗಿಟ್ಟಾಗ ನಿನಗೆ ಹೇಳಿ ನಕ್ಕಿದ್ದೆನಲ್ಲ, "ನನ್ನ ಮೂಲ್ಯಾಗ ನಿಲ್ಲಿಸ್ಯಾರ ನೋಡ" ಎಂದು. ಎರಡನೆಯ ಸಲ ಒಂದು ವಾರ. ಆಗಲೂ ನಗುತ್ತಲೇ ಇದ್ದೆ. ಈಗ ನಗು ಬರುತ್ತಿಲ್ಲ. ಅರವತ್ತೆರಡು ವರ್ಷದಲ್ಲಿ ಒಬ್ಬರೂ ನನ್ನನ್ನು ಎಲ್ಲಿಂದಲೂ ಹೊರಗೆ ಕಳಿಸಿರಲಿಲ್ಲ.

ಬೇರೆ ನಂಬರಿನಿಂದ ಸೇರು ಎಂದು ಮಗ ಹೇಳಿದ. ಮುಂದಿನ ಬಾಗಿಲು ಹಾಕಿದವರ ಮನೆಗೆ ಹಿತ್ತಲಿನಿಂದ ಹೋಗಲು ನನಗೆ ಮನಸ್ಸಿಲ್ಲ. ಆಟವೇ ಇಲ್ಲದ ಮೇಲೆ ದೊಡ್ಡ ಫೋನ್ ಯಾಕೆಂದು ಅವನ ಅಂಗಡಿಗೆ ಕೊಟ್ಟುಬಿಟ್ಟೆ.

ದೂರು ಕೊಟ್ಟವಳು ಹೇಮಾ ಎಂದು ನನ್ನ ಅನುಮಾನ. ಅವಳೇ ಅಲ್ಲವೇ ಪ್ರತಿ ಭಾನುವಾರದ ಪಂದ್ಯದಲ್ಲಿ ನಮ್ಮ ಎದುರು ಕೂಡುತ್ತಿದ್ದವಳು. ನಮ್ಮ ಶಾಲೆಯಲ್ಲಿ ನನ್ನ ಕೈಯಲ್ಲೇ ಅ ಆ ಕಲಿತವಳು, ಶಿಗ್ಗಾಂವಿಯಲ್ಲಿ ನರ್ಸ್ ಆಗಿ ಈ ಆಟವನ್ನು ನಮ್ಮಿಬ್ಬರಿಗೂ ಕಲಿಸಿದವಳು. ಮಗನ ಫೋನಿನಿಂದ ಅವಳಿಗೆ ಮಾಡಿ, ಮೂರು ದೂರಿನ ವಿಷಯ ಹೇಳಿ, "ಇನ್ನ ನಮ್ಮನಿ ಕಡೆ ಬರಬ್ಯಾಡ" ಅಂದೆ. "ಆತ್ರಿ ಅಕ್ಕೋರ" ಅಂದು ಫೋನ್ ಇಟ್ಟಳು. ಅತ್ತಳು ಅಂತ ಕಾಣುತ್ತದೆ.

ನನ್ನ ತರಗತಿಯ ನಿಯಮ ನೆನಪಿದೆಯೇ? ಯಾರು ದೂರು ಹೇಳುತ್ತಾರೋ ಅವರೂ ಶಿಕ್ಷೆಯವನ ಪಕ್ಕದಲ್ಲಿ ನಿಲ್ಲಬೇಕು. ದೂರು ಹೇಳಿದವನು ತಾನಾಗಿ "ಸಾಕ್ರಿ ಅಕ್ಕೋರ" ಅನ್ನುವವರೆಗೆ ಇಬ್ಬರೂ ಕೂಡುವ ಹಾಗಿಲ್ಲ. ನೀನು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದೆ, "ನಿನ್ನ ಕ್ಲಾಸಿನ್ಯಾಗ ಕಳ್ಳಗೂ ಪೊಲೀಸಗೂ ಒಂದ ಕೋಣೆ" ಎಂದು. ಆದರೆ ನನ್ನ ತರಗತಿಯಲ್ಲಿ ದೂರುಗಳು ಕಡಿಮೆ ಇದ್ದವು. ಹೇಮಾ ಅದನ್ನೂ ಮರೆತಳಲ್ಲ ಎಂದು ಸಂಕಟ.

ಇವರು ಪರವಾಗಿಲ್ಲ.

ಮುನವ್ವರಾ


ಹಿರೇಕೆರೂರು
28 ಆಗಸ್ಟ್ 2024

ಮುನವ್ವರಾ,

ಹೇಮಾಳನ್ನು ಬಿಟ್ಟುಬಿಡು. ಅವಳು ಮಾಡಿರಲಿಕ್ಕಿಲ್ಲ. ನಿನಗೆ ಹೇಗೆ ಗೊತ್ತು ಎಂದು ಕೇಳಬೇಡ, ಹುಡುಗಿಯ ಸ್ವಭಾವ ನೋಡಿ ಹೇಳುತ್ತಿದ್ದೇನೆ.

ನಿನ್ನ ಪರವಾಗಿ ನಾನು ಕಂಪನಿಗೆ ಬರೆದೆ. ಸೊಸೆ ಶ್ವೇತಾಳಿಗೂ ತೋರಿಸದೆ, ಒಂದೊಂದೇ ಅಕ್ಷರ ಒತ್ತಿ ಬರೆದೆ. ಈಕೆ ಅಂಥ ಹೆಂಗಸಲ್ಲ, ಮಕ್ಕಳಿಗೆ ಮೂವತ್ತಾರು ವರ್ಷ ಪಾಠ ಹೇಳಿದವಳು, ಕರೆದು ಒಂದು ಮಾತು ಕೇಳಿ ಎಂದು. ಒಂದು ನಿಮಿಷದಲ್ಲಿ ಉತ್ತರ ಬಂತು. 'ಈ ವಿಷಯದಲ್ಲಿ ಈಗಾಗಲೇ ಕ್ರಮ ಕೈಗೊಳ್ಳಲಾಗಿದೆ. ಆಟವನ್ನು ಸ್ವಚ್ಛವಾಗಿಡಲು ಸಹಕರಿಸಿದ್ದಕ್ಕೆ ಧನ್ಯವಾದಗಳು.' ಒಂದು ನಿಮಿಷದಲ್ಲಿ ನನ್ನ ಪತ್ರವನ್ನು ಓದಲೂ ಆಗುವುದಿಲ್ಲ ಮುನವ್ವರಾ. ಅಲ್ಲಿ ಯಾರೂ ಕೂತಿಲ್ಲ ಅಂತ ಕಾಣುತ್ತದೆ.

ಇಲ್ಲಿ ಗೋವಿನಜೋಳ ತೆನೆಗಟ್ಟಿದೆ. ಮಗ ಲೋಹಿತನಿಗೆ ವ್ಯಾಪಾರದ ಗಡಿಬಿಡಿ. ಬೇರೇನೂ ವಿಶೇಷವಿಲ್ಲ. ಇನ್ನೂ ಒಂದು ಮಾತು ಬರೆಯಬೇಕೆಂದಿದ್ದೆ, ಜಾಗ ಮುಗಿಯಿತು.

ವೀರವ್ವ


ಹುಲಗೂರು
3 ಅಕ್ಟೋಬರ್ 2024

ವೀರವ್ವಾ,

ಜಾಗ ಮುಗಿಯಿತು ಎಂದು ಬರೆದಿದ್ದೀ. ಅದರ ಕೆಳಗೆ ನಾಲ್ಕು ಬೆರಳು ಖಾಲಿ ಇತ್ತು. ಇರಲಿ. ನಾನೂ ನಿನಗೆ ಒಂದು ಮಾತು ಹೇಳದೆ ಉಳಿಸಿಕೊಂಡಿದ್ದೇನೆ. ಇವತ್ತು ಬರೆಯುತ್ತೇನೆ.

ಇವರು ಪರವಾಗಿಲ್ಲ ಎಂದದ್ದು ಸುಳ್ಳು. ಕೋಲು ಬಿಟ್ಟಿದ್ದಾರೆ, ಅದು ನಿಜ. ಎರಡನೆಯ ಸಲ ಲಕ್ವಾ ಹೊಡೆದದ್ದು ಮೇ ತಿಂಗಳಲ್ಲಿ. ಆಮೇಲೆ ಹಾಸಿಗೆಯೇ. ಮಾತು ಹೋಗಿದೆ. ಬೆನ್ನು ಹುಣ್ಣಾಗಬಾರದು ಎಂದು ಎರಡೆರಡು ತಾಸಿಗೊಮ್ಮೆ ಹೊರಳಿಸಬೇಕು. ನಾಲ್ಕಕ್ಕೊಮ್ಮೆ, ಆರಕ್ಕೊಮ್ಮೆ, ಎಂಟಕ್ಕೊಮ್ಮೆ. ನಮ್ಮ ದಿನದ ಆಟ ಅರ್ಧ ತಾಸಿನಲ್ಲಿ ಮುಗಿಯುತ್ತಿತ್ತು, ತೊಂದರೆ ಇರಲಿಲ್ಲ. ಭಾನುವಾರದ ಪಂದ್ಯ ಮಾತ್ರ ಆರು ದಾಟುತ್ತಿತ್ತು. ಅವರ ಆಟದಲ್ಲಿ ಒಂದು ಸರದಿಗೆ ಮೂವತ್ತು ಸೆಕೆಂಡು. ಮೂವತ್ತು ಸೆಕೆಂಡಿನಲ್ಲಿ ಮನುಷ್ಯನನ್ನು ಹೊರಳಿಸಲು ಆಗುವುದಿಲ್ಲ ವೀರವ್ವಾ. ನಾನು ತಿರುಗಿ ಬರುವಷ್ಟರಲ್ಲಿ ಮೂರು ಸರದಿ ಹೋಗಿ ಆಟ ಸೋತಿರುತ್ತಿತ್ತು.

ನಿನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ಹೇಳಿದ್ದರೆ ನೀನು ನನ್ನನ್ನು ಬಯ್ಯುವುದನ್ನು ಬಿಡುತ್ತಿದ್ದೆ. ಮೆತ್ತಗೆ ಮಾತಾಡಿ ಕ್ಷೇಮ ಕೇಳುತ್ತಿದ್ದೆ. ಇಲ್ಲಿ ಬರುವವರೆಲ್ಲ ಮೆತ್ತಗೆ ಮಾತಾಡುವವರೇ. ಫೋನನ್ನು ಅವರ ದಿಂಬಿನ ಪಕ್ಕದಲ್ಲಿಟ್ಟು ಆಡುತ್ತಿದ್ದೆ. "ಮುನವ್ವರಾ ಬಾಯಿ, ಕವಡಿ ಹಾಕಾಕತ್ತೀಯೋ ಅಕ್ಕಿ ಆರಸಾಕತ್ತೀಯೋ" ಎಂದು ನೀನು ಕೂಗಿದರೆ ಅವರ ಬಾಯಿಯ ಒಂದು ತುದಿ ಮೇಲೆ ಹೋಗುತ್ತಿತ್ತು. ಅದು ಅವರ ನಗು. ಐದೂವರೆ ಹೊಡೆದರೆ ಕಣ್ಣು ಫೋನಿನ ಕಡೆ ಹೊರಳುತ್ತಿತ್ತು. ಈಗಲೂ ಹೊರಳುತ್ತದೆ. ಅಲ್ಲಿ ಫೋನಿಲ್ಲ. ಮಗ ಅಂಗಡಿಯಿಂದ ಬರುವಷ್ಟರಲ್ಲಿ ಔಷಧಿಯ ಮಂಪರಿನಲ್ಲಿ ಮಲಗಿರುತ್ತಾರೆ.

ಅದಕ್ಕೇ ಕೇಳುತ್ತೇನೆ. ಒಂದು ಸಂಜೆ ಬಂದು ಹೋಗು. ಹಾವೇರಿಗೆ ಬಂದರೆ ಅಲ್ಲಿಂದ ಶಿಗ್ಗಾಂವಿ, ಅಲ್ಲಿಂದ ಹುಲಗೂರಿನ ಬಸ್ಸು. ಏನೂ ತರಬೇಡ, ನಿನ್ನ ಬಾಯಿ ಒಂದು ತೆಗೆದುಕೊಂಡು ಬಾ. ಬಂದು ನನ್ನನ್ನು ಗಟ್ಟಿಯಾಗಿ ಬಯ್ಯಿ.

ದಾರಿ ನೋಡುತ್ತಾ,
ಮುನವ್ವರಾ


ಹಿರೇಕೆರೂರು
21 ನವೆಂಬರ್ 2024

ಮುನವ್ವರಾ,

ನಿನ್ನ ಪತ್ರಕ್ಕೆ ಏಳು ವಾರ ಉತ್ತರ ಬರೆಯಲಿಲ್ಲ. ಗೋವಿನಜೋಳದ ಸುಗ್ಗಿ ಎಂದು ಬರೆಯಬಹುದಿತ್ತು. ಸುಗ್ಗಿ ಮಗನದು, ನನ್ನದಲ್ಲ. ಎರಡು ಸಲ ಹಾವೇರಿಯವರೆಗೆ ಬಂದೆ. ಎರಡು ಸಲವೂ ಶಿಗ್ಗಾಂವಿ ಬಸ್ಸು ನನ್ನ ಕಣ್ಣೆದುರಿಗೇ ತುಂಬಿ ಹೊರಟಿತು, ನಾನು ಬೆಂಚಿನ ಮೇಲೆ ಕುಳಿತಿದ್ದೆ. ಎದ್ದು ವಾಪಸು ಬಂದೆ. ಯಾಕೆಂದರೆ ದೂರು ಕೊಟ್ಟವಳು ನಾನು.

ಮೂರೂ ನಾನೇ. ಜೂನ್ ಕೊನೆಯ ಭಾನುವಾರ ನಾವು ಗೆಲ್ಲುತ್ತಿದ್ದೆವು. ನಿನ್ನದು ಒಂದೇ ಕಾಯಿ ಹಣ್ಣಾಗಬೇಕಿತ್ತು. ನೀನು ಎದ್ದು ಹೋದೆ. ಆಮೇಲೆ ಕೇಳಿದರೆ "ಫೋನ್ ಕೆಳಗ ಇಟ್ಟಿದ್ದೆ" ಎಂದು ನೀನು ನಕ್ಕೆ. ನನಗೆ ಮೈಯೆಲ್ಲ ಉರಿಯಿತು. ನಿನ್ನ ಹೆಸರಿನ ಪಕ್ಕದಲ್ಲಿ ದೂರಿನ ಗುಂಡಿ ಇತ್ತು. ಕೆಟ್ಟ ಮಾತು, ಮೋಸ, ಬೇಕೆಂದೇ ಬಿಟ್ಟು ಹೋಗುವುದು ಎಂದು ಸಾಲಾಗಿ ಬರೆದಿದ್ದರು. ಕೊನೆಯದನ್ನು ಒತ್ತಿದೆ. ಮರುದಿನ ಸಂದೇಶ ಬಂತು, ನೀವು ಹೇಳಿದ ಆಟಗಾರರಿಗೆ ಒಂದು ದಿನದ ಶಿಕ್ಷೆಯಾಗಿದೆ ಎಂದು. ಕೆಳಗೆ ಒಂದು ಪ್ರಶ್ನೆ: ಈ ಶಿಕ್ಷೆ ಕಡಿಮೆಯಾಯಿತೇ, ಸರಿಯಾಯಿತೇ, ಹೆಚ್ಚಾಯಿತೇ? ಮುನವ್ವರಾ, ನಾನು ಕಡಿಮೆಯಾಯಿತು ಎಂದು ಒತ್ತಿದೆ. ಸಿಟ್ಟು ಇಳಿದಿರಲಿಲ್ಲ. ಅವತ್ತೇ ಸಂಜೆ ನಿನ್ನನ್ನು ಮೂಲೆಯಲ್ಲಿ ನಿಲ್ಲಿಸಿದ ಕಥೆಯನ್ನು ನೀನು ಹೇಳಿ ನಕ್ಕಾಗ ನಾನೂ ಜೊತೆಗೆ ನಕ್ಕೆ. ಎರಡನೆಯ ಸಲ ಒಂದು ವಾರ ಎಂದು ಬಂತು. ಸರಿಯಾಯಿತು ಎಂದು ಒತ್ತಿದೆ. ಮೂರನೆಯ ಸಲ ಶಾಶ್ವತವಾಗಿ ಎಂದು ಬಂದಾಗ ಅದೇ ಪ್ರಶ್ನೆ ಮತ್ತೆ ಕೆಳಗಿತ್ತು. ಎಷ್ಟೋ ದಿನ ಅದು ಹಾಗೇ ಫೋನಿನಲ್ಲಿ ಕೂತಿತ್ತು. ಆಗಸ್ಟಿನಲ್ಲಿ ಹೆಚ್ಚಾಯಿತು ಎಂದು ಒತ್ತಿದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಎಂದು ಬಂತು. ಅಷ್ಟೇ.

ನನ್ನ ತಪ್ಪನ್ನು ಸಣ್ಣದು ಮಾಡಲು ಇದನ್ನು ಬರೆಯುತ್ತಿಲ್ಲ, ಆದರೂ ಬರೆಯುತ್ತೇನೆ. ದೂರು ಕೊಟ್ಟರೆ ಯಾರೋ ಒಬ್ಬರು ಇಬ್ಬರನ್ನೂ ಕರೆದು ಕೇಳುತ್ತಾರೆ ಎಂದುಕೊಂಡಿದ್ದೆ. ನಮ್ಮ ಹೆಡ್‌ಮಾಸ್ತರು ಫಕ್ಕೀರಪ್ಪನವರು ಎಂಥ ಸಿಟ್ಟಿನವರಿದ್ದರೂ "ಏನ್ ಆತು, ನೀನೂ ಹೇಳು, ನೀನೂ ಹೇಳು" ಎಂದು ಕೇಳದೆ ಬೆತ್ತ ಮುಟ್ಟುತ್ತಿರಲಿಲ್ಲ. ಕೇಳಿದರೆ ನಿನ್ನ ಬಾಯಿಂದ ನಿಜವಾದ ಕಾರಣ ಬರುತ್ತದೆ, ನನಗೆ ಹೇಳದ್ದನ್ನು ಅವರಿಗಾದರೂ ಹೇಳುತ್ತೀ ಎಂದಿತ್ತು. ನಾನೇ ನೇರವಾಗಿ ಕೇಳಬಹುದಿತ್ತು. ಇಪ್ಪತ್ತೆರಡು ವರ್ಷ ಪಕ್ಕದಲ್ಲಿ ಕುಳಿತವಳಿಗೆ ಅಷ್ಟು ಹಕ್ಕು ಇತ್ತು. ಕೇಳಲಿಲ್ಲ.

ಹೇಮಾಳ ಮೇಲೆ ಅಪವಾದ ಬಂದಾಗಲೂ ಬಾಯಿ ಬಿಡಲಿಲ್ಲ. ನಾಲ್ಕು ಬೆರಳಿನ ಆ ಖಾಲಿ ಜಾಗದಲ್ಲಿ ಇದನ್ನೇ ಬರೆಯಬೇಕಾಗಿತ್ತು. ಇನ್ನು ಅವಳನ್ನು ದೂರ ಇಡಬೇಡ.

ನೀನು ಬಾ ಎಂದರೆ ಬರುತ್ತೇನೆ. ನಿನ್ನನ್ನು ಬಯ್ಯಲು ಬಾಯಿ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಅವರ ದಿಂಬಿನ ಹತ್ತಿರ ಕುಳಿತು ಪ್ರಯತ್ನ ಮಾಡುತ್ತೇನೆ.

ವೀರವ್ವ


ಹುಲಗೂರು
2 ಡಿಸೆಂಬರ್ 2024

ವೀರವ್ವಾ,

ನಿನ್ನ ಪತ್ರ ಇಪ್ಪತ್ತೈದನೆಯ ತಾರೀಖು ಬಂತು. ಇವರು ಹದಿನಾಲ್ಕನೆಯ ತಾರೀಖು ಗುರುವಾರ ತೀರಿಕೊಂಡರು. ಬೆನ್ನಿಗೆ ಹುಣ್ಣಾಗಿರಲಿಲ್ಲ. ಅದೊಂದನ್ನು ಎಲ್ಲರೂ ಹೇಳಿದರು.

ಅವತ್ತು ಹೇಮಾ ಬಂದಿದ್ದಳು. ಬಾಗಿಲಲ್ಲೇ ನಿಂತಳು. ನಾನು ಮುಖ ತಿರುಗಿಸಿದೆ. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ, ಹಾಗೇ ಹೋದಳು. ಹನ್ನೊಂದು ದಿನ ಬಿಟ್ಟು ನಿನ್ನ ಪತ್ರ ಓದಿದೆ.

ಈಗ ಬರಬೇಡ.

ಮುನವ್ವರಾ


ಹಿರೇಕೆರೂರು
20 ಜನವರಿ 2025

ಮುನವ್ವರಾ,

ಬರಬೇಡ ಎಂದೆ, ಬರಲಿಲ್ಲ. ಬರೆಯಬೇಡ ಎಂದಿರಲಿಲ್ಲ. ತಂದಿದ್ದ ನಾಲ್ಕು ಇನ್‌ಲ್ಯಾಂಡಿನಲ್ಲಿ ಇದು ಕೊನೆಯದು. ಹೊಸದು ತರುವುದೋ ಬಿಡುವುದೋ ನಿನ್ನ ಉತ್ತರ ನೋಡಿ.

ಖಾದರಸಾಬರ ಬಗ್ಗೆ ನಾನು ಏನು ಬರೆದರೂ ಅದು ಮೆತ್ತಗಿನ ಮಾತಾಗುತ್ತದೆ. ನಮ್ಮ ಶಾಲೆಯ ಮಕ್ಕಳಿಗೆಲ್ಲ ಅಂಗಿ ಹೊಲಿದು ಕೊಟ್ಟವರು. ನನ್ನ ರವಿಕೆ ಬಿಗಿಯಾಯಿತೆಂದು ಜಗಳ ತೆಗೆದರೆ "ಬಟ್ಟಿ ಅಷ್ಟ ಐತ್ರಿ ಅಕ್ಕೋರ, ಮೈ ಬೆಳದೈತಿ" ಅಂದವರು. ಅಂಥವರ ಮೂರೂವರೆ ತಿಂಗಳ ಸಂಜೆಗಳನ್ನು ನಾನು ಒಂದು ಬೆರಳಿನಿಂದ ಬಂದ್ ಮಾಡಿದೆ. ದಿನಾ ಐದೂವರೆಗೆ ಅವರ ಕಣ್ಣು ಹೊರಳುತ್ತಿತ್ತು ಎಂದು ನೀನು ಬರೆದ ಸಾಲು ಬಾಯಿಪಾಠ ಆಗಿದೆ. ಮರೆಯಲು ಆಗುವುದಿಲ್ಲ, ಮರೆಯಬಾರದು ಕೂಡ.

ಎರಡು ಕೆಲಸ ಮಾಡಿದೆ. ಪಗಡಿಮನಿಯಲ್ಲಿ ನನ್ನ ಖಾತೆಯನ್ನೂ ಮುಚ್ಚಿಸಿದೆ. ನಿನ್ನ ಶಿಕ್ಷೆ ಇರುವಷ್ಟು ದಿನ ನನ್ನದೂ ಇರಲಿ ಎಂದು. ಹೋಗಲು ಕಾರಣವೇನು ಎಂದು ಕೇಳಿ ಐದು ಉತ್ತರ ಕೊಟ್ಟಿದ್ದರು. ಅದರಲ್ಲಿ ನನ್ನದು ಇರಲಿಲ್ಲ. ಇದರಿಂದ ನಿನಗೆ ಏನೂ ಬರುವುದಿಲ್ಲ ಎಂದು ಗೊತ್ತು. ನಿನ್ನ ತರಗತಿಯ ನಿಯಮಕ್ಕೆ ನಾನು ನಗುತ್ತಿದ್ದೆನಲ್ಲ, ಈಗ ನಿಂತು ನೋಡುತ್ತಿದ್ದೇನೆ.

ಆಮೇಲೆ ಶಿಗ್ಗಾಂವಿಗೆ ಹೋಗಿ ಹೇಮಾಳ ಆಸ್ಪತ್ರೆಯ ಮುಂದೆ ನಿಂತೆ. ಪಾಳಿ ಮುಗಿಸಿ ಬಂದಳು. ಎಲ್ಲ ಹೇಳಿದೆ. "ನಂಗ ಅವ್ರು ಫೋನ್ ಮಾಡಿದ ದಿನಾನ ಗೊತ್ತಾಗಿತ್ರಿ ಅಕ್ಕೋರ. ಆಟದಾಗ ಇದ್ದವ್ರ ನಾಕು ಮಂದಿ. ನಾನಲ್ಲ, ನನ್ನ ಜೋಡಿ ಆಡಿದಾಕಿ ಪ್ರತಿ ವಾರ ಬ್ಯಾರೆ. ಉಳದವ್ರು ನೀವ" ಎಂದಳು. ಮತ್ತೆ ಮುನವ್ವರಾಗೆ ಯಾಕೆ ಹೇಳಲಿಲ್ಲ ಎಂದೆ. "ಹೇಳಿದ್ರ ಅದೂ ಒಂದ್ ದೂರ ಆಗತಿತ್ತಲ್ರಿ" ಎಂದಳು. ನಿನ್ನ ತರಗತಿಯಲ್ಲಿ ಕಲಿತವಳು. ನನ್ನ ತರಗತಿಯಲ್ಲಿ ಕಲಿತಿದ್ದರೆ ಮೊದಲ ದಿನವೇ ಹೇಳುತ್ತಿದ್ದಳು.

ಕ್ಷಮಿಸು ಎಂದು ಬರೆಯಲು ಎರಡು ಸಲ ಪೆನ್ನು ಎತ್ತಿದೆ. ಕೇಳುವುದು ಸುಲಭ, ಕೊಡುವ ಭಾರ ನಿನ್ನ ಮೇಲೆ ಬೀಳುತ್ತದೆ. ಅದಕ್ಕೇ ಕೇಳುವುದಿಲ್ಲ. ನಿಂತಿರುತ್ತೇನೆ.

ವೀರವ್ವ


ಹುಲಗೂರು
18 ಫೆಬ್ರವರಿ 2025

ವೀರವ್ವಾ,

ನಿನ್ನ ಪತ್ರವನ್ನು ಅವರ ಮಂಚದ ಮೇಲೆ ಕುಳಿತು ಓದಿದೆ. ರವಿಕೆಯ ಜಗಳದ ಕಡೆ ಬಂದಾಗ ನಗು ಬಂತು, ನವೆಂಬರಿನಿಂದ ಈಚೆಗೆ ಮೊದಲ ಸಲ. ಆಮೇಲೆ ಬಹಳ ಹೊತ್ತು ಅತ್ತೆ.

ಸುಳ್ಳು ಬರೆಯುವುದಿಲ್ಲ. ನಿನ್ನ ಮೇಲೆ ಸಿಟ್ಟಿದೆ. ದೂರು ಕೊಟ್ಟದ್ದಕ್ಕೆ ಅಷ್ಟಿಲ್ಲ, ನಾನು ಬಾ ಎಂದಾಗ ನೀನು ಹಾವೇರಿಯ ಬೆಂಚಿನಿಂದ ತಿರುಗಿ ಹೋದದ್ದಕ್ಕೆ ಇದೆ. ಅಕ್ಟೋಬರ್ ತಿಂಗಳಿಡೀ ಅವರಿಗೆ, "ಬರ್ತಾಳ್ರಿ, ಈ ವಾರ ಬರ್ತಾಳ" ಎಂದು ಹೇಳುತ್ತಿದ್ದೆ. ಸಿಟ್ಟು ನನ್ನ ಮೇಲೂ ಇದೆ. ನಿನ್ನಿಂದ ಮುಚ್ಚಿಟ್ಟವಳು ನಾನೇ. ಹೇಮಾಳಿಗೆ ಬಾಗಿಲು ತೋರಿಸಿದವಳೂ ನಾನೇ. ಹೋದ ವಾರ ಅವಳನ್ನು ಕರೆಸಿದೆ. ಬಂದು ಏನೂ ಆಗದವಳ ಹಾಗೆ ನನ್ನ ಬಿ.ಪಿ. ನೋಡಿದಳು. ನನಗೆ ಅವಳ ಮುಖ ನೋಡಲು ಆಗಲಿಲ್ಲ, ಕೈ ಹಿಡಿದುಕೊಂಡು ಕುಳಿತೆ.

ಆಟದ ಮಾತು ಬಿಡು. ನಾಳೆ ಅವರು ಬೀಗ ತೆಗೆದರೂ ನಾನು ಹೋಗುವುದಿಲ್ಲ. ಈಗ ನನ್ನನ್ನು ನಡುವೆ ಎಬ್ಬಿಸುವವರು ಯಾರೂ ಇಲ್ಲ. ಪೂರ್ತಿ ಆಟ ಆಡಬಹುದು ಎನ್ನುವುದೇ ಸಂಕಟ.

ನಿಂತಿರುತ್ತೇನೆ ಎಂದು ಬರೆದಿದ್ದೀ. ನಿಯಮ ನಿನಗೆ ಅರ್ಧ ಮಾತ್ರ ನೆನಪಿದೆ. ಈ ಸಲ ದೂರು ನನ್ನದು, ನಿನ್ನ ಮೇಲೆ. ಸಾಕು ಎನ್ನಬೇಕಾದವಳು ನಾನು. ಇನ್ನೂ ಅಂದಿಲ್ಲ, ಬೇಗ ಅನ್ನುವುದೂ ಇಲ್ಲ. ಆದರೆ ದೂರು ಹೇಳಿದವಳೂ ಪಕ್ಕದಲ್ಲೇ ನಿಲ್ಲಬೇಕಲ್ಲ. ನೀನು ಹಿರೇಕೆರೂರಿನಲ್ಲಿ, ನಾನು ಹುಲಗೂರಿನಲ್ಲಿ ನಿಂತರೆ ಅದು ಜೋಡಿ ನಿಂತ ಹಾಗಾಗುವುದಿಲ್ಲ. ನಾನು ಇದ್ದತ್ತಿನಲ್ಲಿದ್ದೇನೆ, ಗಂಡನನ್ನು ಕಳೆದುಕೊಂಡವಳು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವ ಹಾಗಿಲ್ಲ. ಮಾರ್ಚ್ ಕೊನೆಯವರೆಗೆ ನಾನು ಬರಲಾರೆ. ನೀನೇ ಬರಬೇಕು. ಈ ಸಲ ಬೆಂಚಿನ ಮೇಲೆ ಕೂಡಬೇಡ, ಬಸ್ಸು ಹತ್ತು.

ಇನ್ನೊಂದು ಮಾತು. ಆರು ಗಂಟೆಯಾದರೆ ನನಗೆ ಈಗಲೂ ಎದ್ದು ಒಳಗಿನ ಕೋಣೆಗೆ ಹೋಗುವ ಅಭ್ಯಾಸ. ಮಾತಿನ ನಡುವೆಯೇ ಎದ್ದುಬಿಡುತ್ತೇನೆ, ಮಂಚ ನೋಡಿ ತಿರುಗಿ ಬರುತ್ತೇನೆ. ನೀನು ಬಂದಾಗ ಹಾಗಾದರೆ ತಪ್ಪು ತಿಳಿಯಬೇಡ. ಸ್ವಲ್ಪ ಹೊತ್ತು ಕಾದಿರು.

ನಿನ್ನ ಎಡಗಡೆ ಕುರ್ಚಿಯವಳು,
ಮುನವ್ವರಾ